ಒಂದು ಡಿಸ್ಕ್ ಓದುತ್ತೆ, ಇನ್ನೊಂದು ಓದಲ್ಲ: ತೊಂದರೆ ಇರುವುದು ಎಲ್ಲಿ?

ದಾವಣಗೆರೆ, ಚಿತ್ರದುರ್ಗ ಕಡೆ ಯಾವ ಮನೆಯ ಬೀರು ತೆಗೆದರೂ ಒಂದಿಷ್ಟು ಸಿಡಿ, ಡಿವಿಡಿ ಸಿಗುತ್ತವೆ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊಗಳು. ಇಂಜಿನಿಯರಿಂಗ್ ಮುಗಿಸಿದ ಮಕ್ಕಳ ಪ್ರಾಜೆಕ್ಟ್ ರಿಪೋರ್ಟಿನ ಹಿಂದೆ ಸಿಕ್ಕಿಸಿದ ಸಿಡಿ. ದಾವಣಗೆರೆಯ ಆಸ್ಪತ್ರೆಗೆ ತೋರಿಸಲು ಬಂದಾಗ ಕೊಟ್ಟ ಎಂಆರ್‌ಐ ಸ್ಕ್ಯಾನಿನ ಸಿಡಿ. ಇವನ್ನೆಲ್ಲ ಒಂದು ದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಕೆಲವು ತೆರೆಯುತ್ತವೆ, ಕೆಲವು ತೆರೆಯುವುದೇ ಇಲ್ಲ. ಅಂಗಡಿಗೆ ಒಯ್ದರೆ ಬರುವ ಮಾತು ಸಾಮಾನ್ಯವಾಗಿ ಒಂದೇ: "ಡ್ರೈವ್ ಹೋಗಿದೆ, ಬೇರೆ ಹಾಕಿಸಿ."

ಒಂದು ಡಿಸ್ಕೂ ಓದದಿದ್ದರೆ ಆ ಮಾತು ಸರಿ ಇರಬಹುದು. ಆದರೆ ಕೆಲವನ್ನು ಓದಿ ಕೆಲವನ್ನು ಬಿಟ್ಟರೆ ಅಷ್ಟು ಬೇಗ ತೀರ್ಮಾನ ಮಾಡಬಾರದು. ಯಾವ ಜಾತಿಯ ಡಿಸ್ಕ್ ಓದುತ್ತಿದೆ, ಯಾವುದು ಓದುತ್ತಿಲ್ಲ ಎಂದು ಗಮನಿಸಿದರೆ ತೊಂದರೆ ಎಲ್ಲಿದೆ ಎಂಬುದು ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ಡ್ರೈವ್ ಹೇಗೆ ಓದುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು, ಅಷ್ಟೇ.

ಡ್ರೈವ್ ಓದುವ ರೀತಿ

ಸಿಡಿಯಲ್ಲಿರುವ ಮಾಹಿತಿ ಒಂದೇ ಒಂದು ಉದ್ದನೆಯ ಗೆರೆ. ಚಕ್ಕುಲಿ ಸುತ್ತಿದ ಹಾಗೆ ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸುತ್ತಿಕೊಂಡು ಹೋಗುತ್ತದೆ. ಬಿಚ್ಚಿ ನೇರ ಮಾಡಿದರೆ ಐದು ಕಿಲೋಮೀಟರಿಗೂ ಜಾಸ್ತಿ ಉದ್ದ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ ಬರೀ 1.6 ಮೈಕ್ರಾನ್. ಅಂದರೆ ಒಂದು ಮಿಲಿಮೀಟರ್ ಜಾಗದಲ್ಲಿ ಆರುನೂರಕ್ಕೂ ಹೆಚ್ಚು ಸುತ್ತು! ಡಿವಿಡಿಯಲ್ಲಿ ಈ ಅಂತರ 0.74 ಮೈಕ್ರಾನಿಗೆ ಇಳಿಯುತ್ತದೆ, ಬ್ಲೂ-ರೇಯಲ್ಲಿ 0.32ಕ್ಕೆ.

ಗೆರೆ ಸಣ್ಣದಾದಂತೆ ಅದನ್ನು ಓದುವ ಬೆಳಕಿನ ಚುಕ್ಕಿಯೂ ಸಣ್ಣದಾಗಬೇಕು. ಹಾಗಾಗಿ ಮೂರಕ್ಕೂ ಬೇರೆ ಬೇರೆ ಲೇಸರ್. ಸಿಡಿಗೆ 780 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಅಲೆಯ ಉದ್ದ) ಲೇಸರ್ ಬೇಕು, ಅದು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಬೆಳಕು. ಬ್ಲೂ-ರೇಗೆ 405 ನ್ಯಾನೋಮೀಟರಿನ ನೇರಳೆ ಬೆಳಕು. ಈಗ ನಮ್ಮ ಕಂಪ್ಯೂಟರುಗಳಲ್ಲಿರುವ ಡಿವಿಡಿ ರೈಟರಿನಲ್ಲಿ ಸಿಡಿಗೊಂದು, ಡಿವಿಡಿಗೊಂದು ಎಂದು ಎರಡು ಲೇಸರ್ ಇರುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೇಸರ್ ಬೆಳಕು ಡಿಸ್ಕಿನ ಒಳಗಿರುವ ಲೋಹದ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಎಷ್ಟು ಬೆಳಕು ವಾಪಸ್ ಬಂತು ಎಂಬುದರ ಏರಿಳಿತವೇ ಮಾಹಿತಿ. ಕಂಪನಿಯಲ್ಲಿ ಅಚ್ಚು ಹಾಕಿದ ಸಿನಿಮಾ ಅಥವಾ ಹಾಡಿನ ಸಿಡಿಯಲ್ಲಿ ಅಲ್ಯೂಮಿನಿಯಂ ಪದರ ಇರುತ್ತದೆ. ಅದು ಬಿದ್ದ ಬೆಳಕಿನಲ್ಲಿ ಶೇ 70ರಷ್ಟನ್ನಾದರೂ ಹಿಂದಕ್ಕೆ ಕಳಿಸುತ್ತದೆ. ಅಳಿಸಿ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯೂ ಕಳಿಸುವುದು ಶೇ 15ರಿಂದ 25ರಷ್ಟು ಮಾತ್ರ. ಎರಡು ಪದರದ, 8.5 ಜಿಬಿ ಹಿಡಿಯುವ ಡಿವಿಡಿಯೂ ಶೇ 18ರಿಂದ 30ರಷ್ಟನ್ನೇ ಕಳಿಸುವುದು. ಲೇಸರಿಗೆ ವಯಸ್ಸಾದರೆ, ಇಲ್ಲವೇ ಲೆನ್ಸ್ ಮೇಲೆ ಧೂಳು ಕೂತರೆ, ಮೊದಲು ಕೈಕೊಡುವುದು ಇಂಥ ಮಂಕು ಡಿಸ್ಕುಗಳೇ. ಅಚ್ಚು ಹಾಕಿದ ಸಿಡಿ ಆಗಲೂ ಆರಾಮಾಗಿ ಓಡುತ್ತಿರುತ್ತದೆ. ಅದನ್ನು ನೋಡಿ ನಾವು "ಡ್ರೈವ್ ಚೆನ್ನಾಗಿದೆ, ಈ ಡಿಸ್ಕೇ ಹಾಳಾಗಿದೆ" ಅಂದುಕೊಳ್ಳುತ್ತೇವೆ. ತಪ್ಪು ದಾರಿ ಹಿಡಿಯುವುದು ಇಲ್ಲೇ.

ನಾಲ್ಕು ಡಿಸ್ಕಿನ ಪರೀಕ್ಷೆ

ಹಾಗಾಗಿ ನಾಲ್ಕು ಡಿಸ್ಕ್ ಹುಡುಕಿಟ್ಟುಕೊಳ್ಳಿ. ಕಂಪನಿಯ ಒಂದು ಸಿಡಿ, ಕಂಪನಿಯ ಒಂದು ಡಿವಿಡಿ, ರೈಟರಿನಲ್ಲಿ ಬರೆದ ಒಂದು ಸಿಡಿ, ಬರೆದ ಒಂದು ಡಿವಿಡಿ. ನಾಲ್ಕೂ ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಓದುತ್ತವೆ ಎಂಬುದು ಖಾತ್ರಿ ಇರಲಿ. ಗುರುತು ಹಿಡಿಯುವುದು ಸುಲಭ, ತಿರುಗಿಸಿ ಕೆಳಗಿನ ಬಣ್ಣ ನೋಡಿದರೆ ಸಾಕು. ಕಂಪನಿಯದು ಬೆಳ್ಳಿ ಬಣ್ಣ, ಎರಡು ಪದರದ ಸಿನಿಮಾ ಡಿವಿಡಿ ಸ್ವಲ್ಪ ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ. ಬರೆಯುವ ಸಿಡಿಗೆ ತಿಳಿ ಹಸಿರು ಅಥವಾ ನೀಲಿ ಛಾಯೆ, ಬರೆಯುವ ಡಿವಿಡಿಗೆ ನೇರಳೆ.

ಸಿಡಿಗಳೆಲ್ಲ ಓದಿ ಡಿವಿಡಿಗಳು ಯಾವುವೂ ಓದದಿದ್ದರೆ, ಕೆಂಪು ಲೇಸರ್ ಸೋತಿರಬಹುದು. ಲೆನ್ಸ್ ಕೊಳೆಯಾಗಿರುವುದೂ ಸಾಧ್ಯ, ಯಾಕಂದರೆ ಡಿವಿಡಿಯ ಗೆರೆ ಇನ್ನೂ ಸಣ್ಣದು. ಡಿವಿಡಿಗಳೆಲ್ಲ ಓದಿ ಸಿಡಿಗಳೆಲ್ಲ ಕೈಕೊಟ್ಟರೆ ಸಂಶಯ ಸಿಡಿ ಲೇಸರಿನ ಮೇಲೆ. ಒಂದು ಕೆಟ್ಟರೆ ಇನ್ನೊಂದು ಲೇಸರ್ ಅದರ ಕೆಲಸ ಮಾಡಲು ಬರುವುದಿಲ್ಲವೇ ಎಂದು ಕೇಳಬಹುದು. ಬರೆಯುವ ಸಿಡಿಯ ಬಣ್ಣದ ಪದರವನ್ನು 780 ನ್ಯಾನೋಮೀಟರ್ ಬೆಳಕಿಗೆಂದೇ ಮಾಡಿರುತ್ತಾರೆ. 650ರ ಕೆಂಪು ಬೆಳಕನ್ನು ಆ ಪದರ ಹೀರಿಕೊಂಡುಬಿಡುತ್ತದೆ. ಡಿವಿಡಿ ಬಂದ ಹೊಸತರಲ್ಲಿ ಕೆಲವು ಪ್ಲೇಯರುಗಳು ಮನೆಯಲ್ಲಿ ಬರೆದ ಸಿಡಿಯನ್ನು ಮುಟ್ಟದೇ ಇದ್ದದ್ದು ಇದೇ ಕಾರಣಕ್ಕೆ.

ಕಂಪನಿಯವು ಎರಡೂ ಓದಿ, ಬರೆದವು ಎರಡೂ ಓದದಿದ್ದರೆ ಲೆನ್ಸ್ ಒರೆಸುವ ಕಾಲ ಬಂದಿದೆ, ಇಲ್ಲವೇ ಲೇಸರ್ ದುರ್ಬಲವಾಗುತ್ತಿದೆ. ಸಿನಿಮಾ ಡಿವಿಡಿ ಸರಿಯಾಗಿ ಅರ್ಧಕ್ಕೆ ಬಂದು ನಿಂತರೆ, ಅದು ಮೊದಲ ಪದರದಿಂದ ಎರಡನೆಯ ಪದರಕ್ಕೆ ದಾಟುವ ಜಾಗ. ಡ್ರೈವಿಗೆ ಆ ಎರಡನೆಯ ಪದರದ ಮೇಲೆ ಫೋಕಸ್ ಸಿಗುತ್ತಿಲ್ಲ ಎಂದರ್ಥ.

ನಾಲ್ಕೂ ಚೆನ್ನಾಗಿ ಓದಿದವೇ? ಹಾಗಾದರೆ ಡ್ರೈವಿನ ತಪ್ಪಿಲ್ಲ. ನಿಮ್ಮ ಆ ಮದುವೆ ಡಿಸ್ಕನ್ನೇ ಹಿಡಿದು ನೋಡಬೇಕು. ಆದರೆ ಅದನ್ನು ಇನ್ನೊಂದು ಕಂಪನಿಯ ಡ್ರೈವಿನಲ್ಲಿ ಹಾಕಿ ನೋಡುವ ಮೊದಲು ಕೈಬಿಡಬೇಡಿ. ಡಿಸ್ಕ್ ಬರೆದ ರೈಟರೇ ಸ್ವಲ್ಪ ಓರೆಯಾಗಿದ್ದರೆ ಅದು ಬರೆದದ್ದು ಅದಕ್ಕೆ ಮಾತ್ರ ಸಲೀಸಾಗಿ ಓದಲು ಬರುತ್ತದೆ. ಒಂದು ಡ್ರೈವ್ ಕೈಬಿಟ್ಟ ಡಿಸ್ಕನ್ನು ಇನ್ನೊಂದು ಓದುವುದು ಅಪರೂಪವೇನಲ್ಲ.

ನಮ್ಮೂರಿನ ಧೂಳು

ನಮ್ಮ ಕಡೆ ನಾನು ಮೊದಲು ಅನುಮಾನ ಪಡುವುದು ಧೂಳನ್ನು. ಚಿತ್ರದುರ್ಗ ಮಳೆ ಕಡಿಮೆ ಬೀಳುವ ಜಿಲ್ಲೆ. ಗಾಳಿಯಂತೂ ಕೇಳಬೇಡಿ, ಅದಕ್ಕೇ ಅಲ್ವಾ ಆ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು. ಬೇಸಿಗೆಯಲ್ಲಿ ಕಿಟಕಿ ತೆಗೆದಿಟ್ಟರೆ ಸಂಜೆಗೆ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ದಾವಣಗೆರೆಯಲ್ಲಿ ಅಕ್ಕಿ ಗಿರಣಿಗಳ ಅಕ್ಕಪಕ್ಕ ತೌಡಿನ ಪುಡಿ ಹಾರುತ್ತದೆ. ಮಂಡಕ್ಕಿ ಭಟ್ಟಿಗಳಿರುವ ಬಡಾವಣೆಯಲ್ಲಿ ಹೊಗೆ. ಹೊಗೆ ಧೂಳಿಗಿಂತ ಕೆಟ್ಟದ್ದು. ಧೂಳು ಊದಿದರೆ ಹೋದೀತು, ಹೊಗೆಯ ಜಿಡ್ಡು ಲೆನ್ಸಿನ ಮೇಲೆ ತೆಳುವಾಗಿ ಅಂಟಿಕೊಂಡು ಕೂರುತ್ತದೆ.

ಲ್ಯಾಪ್‌ಟಾಪಿನ ಡ್ರೈವ್ ಮತ್ತು ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ಡ್ರೈವಿನಲ್ಲಿ ಟ್ರೇ ಹೊರಗೆ ಬಂದಾಗ ಲೆನ್ಸೂ ಅದರ ಜೊತೆಗೇ ಬರುತ್ತದೆ. ಸಣ್ಣ ಗಾಜಿನ ಹನಿಯಷ್ಟು ಇರುತ್ತದೆ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಯುಎಸ್‌ಬಿ ಡ್ರೈವಾದರೆ ವೈರ್ ಕಿತ್ತು, ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿ, ಒತ್ತದೆ, ಲೆನ್ಸಿನ ಮೇಲೆ ಒಮ್ಮೆ ಎಳೆಯಿರಿ. ಒಣ ಕಡ್ಡಿಯಿಂದ ಇನ್ನೊಮ್ಮೆ. ಲೆನ್ಸ್ ತೀರಾ ತೆಳುವಾದ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ, ಜೋರು ಮಾಡಿದರೆ ಅಲ್ಲಿಗೆ ಮುಗಿಯಿತು. ಸೆಂಟು, ಥಿನ್ನರ್, ಅಸಿಟೋನ್ ಬೇಡವೇ ಬೇಡ. ಡೆಸ್ಕ್‌ಟಾಪಿನ ಡ್ರೈವಿನಲ್ಲಿ ಲೆನ್ಸ್ ಒಳಗಿರುತ್ತದೆ, ತಿರುಪು ಬಿಚ್ಚಬೇಕು. ಕೈ ಪಳಗಿದವರಿಗೆ ಅದನ್ನು ಬಿಡುವುದು ಒಳ್ಳೆಯದು. ಬಿಚ್ಚಿಟ್ಟ ಡ್ರೈವಿಗೆ ಕರೆಂಟ್ ಕೊಟ್ಟು ಒಳಗೆ ಇಣುಕುವ ಕೆಲಸ ಯಾರೂ ಮಾಡಬಾರದು. ಲೇಸರ್ ಕಣ್ಣಿಗೆ ಪೆಟ್ಟು ಕೊಡುತ್ತದೆ, ಅದರಲ್ಲೂ ಸಿಡಿಯದು ಕಾಣುವುದೂ ಇಲ್ಲ.

ಲೇಸರ್ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿ "ಪವರ್ ಜಾಸ್ತಿ ಮಾಡಿಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಒಂದು ವಿಷಯ ತಿಳಿದಿರಲಿ. ಡಿಸ್ಕ್ ಓದಬಹುದು, ಆದರೆ ಆ ಲೇಸರಿನ ಉಳಿದ ಆಯುಷ್ಯ ಬೇಗ ಮುಗಿಯುತ್ತದೆ. ಹಾಗೆ ಮಾಡಿಸುವುದಕ್ಕಿಂತ ಹೊಸ ಡ್ರೈವ್ ಕೊಳ್ಳುವುದೇ ಮೇಲು.

ಯುಎಸ್‌ಬಿ ಡ್ರೈವಿನವರಿಗೆ ಇನ್ನೊಂದು ಮಾತು. ಯುಎಸ್‌ಬಿ 2.0 ಕಿಂಡಿಯಿಂದ ಸಿಗುವ ಕರೆಂಟ್ 500 ಮಿಲಿಆಂಪ್ ಮಾತ್ರ. ಡಿಸ್ಕ್ ಜೋರಾಗಿ ತಿರುಗಲು ಶುರುವಾದಾಗ ಅದು ಸಾಲದೇ ಹೋಗಬಹುದು. ಒಂದು ಕಿಂಡಿಯನ್ನು ಹಲವಾಗಿಸುವ ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದರೆ ತೆಗೆದು ನೇರವಾಗಿ ಕಂಪ್ಯೂಟರಿಗೆ, ಅದೂ ಡೆಸ್ಕ್‌ಟಾಪಾದರೆ ಹಿಂಭಾಗದ ಕಿಂಡಿಗೆ ಸಿಕ್ಕಿಸಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಗೀರು ಯಾವ ಕಡೆ ಬಿದ್ದಿದೆ

ಈಗ ಡಿಸ್ಕಿಗೆ ಬರೋಣ. ಎಲ್ಲರೂ ಹೊಳೆಯುವ ಕಡೆಗೆ ಗೀರು ಬೀಳದಂತೆ ಜೋಪಾನ ಮಾಡುತ್ತಾರೆ, ಹೆಸರು ಬರೆದ ಕಡೆಯನ್ನು ಹೇಗೆ ಬೇಕಾದರೂ ಇಡುತ್ತಾರೆ. ಸಿಡಿಯ ಮಟ್ಟಿಗೆ ಇದು ಪೂರ್ತಿ ಉಲ್ಟಾ. ಸಿಡಿಯ ದಪ್ಪ 1.2 ಮಿಲಿಮೀಟರ್. ಮಾಹಿತಿ ಇರುವ ಪದರ ಅದರ ತುತ್ತತುದಿಯಲ್ಲಿ, ಹೆಸರು ಬರೆಯುವ ಬದಿಯ ತೆಳು ವಾರ್ನಿಷಿನ ಕೆಳಗೇ ಇದೆ. ಆ ಕಡೆ ಮೊಳೆ ತಾಗಿದರೆ, ಬಾಲ್ ಪೆನ್ನಿನಿಂದ ಒತ್ತಿ ಬರೆದರೆ, ಅಂಟಿಸಿದ ಚೀಟಿಯನ್ನು ಕಿತ್ತರೆ, ಮಾಹಿತಿಯೇ ಕಿತ್ತುಬರುತ್ತದೆ. ಅದಕ್ಕೆ ಯಾವ ರಿಪೇರಿಯೂ ಇಲ್ಲ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿಬಂದರೆ ಆ ಜಾಗದ ಪದರ ಹೋಗಿದೆ. ಡಿವಿಡಿ ಈ ವಿಷಯದಲ್ಲಿ ವಾಸಿ. 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿರುವುದರಿಂದ ಮಾಹಿತಿ ನಡುವೆ ಕ್ಷೇಮವಾಗಿರುತ್ತದೆ.

ಕೆಳಬದಿಯ ಗೀರಿಗೆ ಅಷ್ಟು ಹೆದರಬೇಕಿಲ್ಲ. ಸಿಡಿ ರೂಪಿಸಿದವರು ಇದನ್ನು ಮೊದಲೇ ಯೋಚಿಸಿದ್ದರು. ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಅಂಕೆಗಳನ್ನು ಸೇರಿಸಿ, ಎಲ್ಲವನ್ನೂ ಬಿಡಿಬಿಡಿಯಾಗಿ ದೂರ ದೂರ ಹರಡಿ ಬರೆಯುತ್ತಾರೆ. ಗೆರೆಯ ಉದ್ದಕ್ಕೂ ಸುಮಾರು 2.5 ಮಿಲಿಮೀಟರ್ ಪೂರ್ತಿ ಅಳಿಸಿಹೋದರೂ ಡ್ರೈವ್ ಅದನ್ನು ಲೆಕ್ಕ ಹಾಕಿ ವಾಪಸ್ ತರುತ್ತದೆ. ಹಾಗಾಗಿ ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ದೊಡ್ಡದಾಗಿ ಕಂಡರೂ ಪ್ರತಿ ಸುತ್ತಿನಲ್ಲೂ ಒಂದು ಚೂರನ್ನಷ್ಟೇ ಕೆಡಿಸುತ್ತದೆ, ಅದು ತಿದ್ದಲು ಬರುತ್ತದೆ. ದುಂಡಗೆ, ಸುತ್ತಿನ ಗುಂಟವೇ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ಕೆಡಿಸುತ್ತದೆ, ಅದು ತಿದ್ದಲು ಬರುವುದಿಲ್ಲ. ಡಿಸ್ಕನ್ನು ದುಂಡಗೆ ಉಜ್ಜಬೇಡಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ಎಂದು ಹೇಳುವುದು ಇದಕ್ಕೇ. ಮೆತ್ತನೆಯ ಬಟ್ಟೆ, ಸ್ವಲ್ಪ ಸೋಪಿನ ನೀರು ಸಾಕು. ಪಂಚೆಯ ತುದಿ, ಸೀರೆಯ ಸೆರಗು ಬೇಡ. ಅದರಲ್ಲಿರುವ ಧೂಳೇ ಹೊಸ ಗೀರು ಎಳೆಯುತ್ತದೆ.

ಇಲ್ಲಿ ವಿಸಿಡಿಯ, ಅಂದರೆ ಸಿಡಿಯಲ್ಲೇ ವಿಡಿಯೊ ತುಂಬಿದ ಡಿಸ್ಕಿನ ವಿಷಯ ಹೇಳಲೇಬೇಕು, ಯಾಕಂದರೆ ಹಳೆಯ ಮದುವೆ ವಿಡಿಯೊಗಳು ಜಾಸ್ತಿ ಇರುವುದು ಅದರಲ್ಲೇ. ಸಾಮಾನ್ಯ ಮಾಹಿತಿ ಸಿಡಿಯಲ್ಲಿ 2352 ಬೈಟಿನ ಒಂದೊಂದು ತುಂಡಿನಲ್ಲಿ ನಮ್ಮ ಮಾಹಿತಿಗೆ 2048 ಬೈಟ್ ಸಿಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಇನ್ನೊಂದು ಹಂತದ ತಪ್ಪು ತಿದ್ದುವಿಕೆಗೆ ಮೀಸಲು. ವಿಸಿಡಿಯಲ್ಲಿ ವಿಡಿಯೊ ಹೆಚ್ಚು ಹಿಡಿಯಲಿ ಎಂದು ಆ ಹೆಚ್ಚಿನ ಕಾವಲನ್ನು ತೆಗೆದುಹಾಕಿ, 2324 ಬೈಟನ್ನು ವಿಡಿಯೊಗೇ ಬಿಟ್ಟುಕೊಟ್ಟಿದ್ದಾರೆ. ಟಿವಿ ಕೆಳಗಿನ ಪ್ಲೇಯರಿನಲ್ಲಿ ಹಾಕಿದರೆ ಒಂದು ಕ್ಷಣ ಚಿತ್ರ ಚೌಕಚೌಕವಾಗಿ ಒಡೆದು ಮುಂದೆ ಹೋಗುತ್ತದೆ. ಅದೇ ಡಿಸ್ಕಿನ ಎಂಪೆಗ್‌ಎವಿ ಫೋಲ್ಡರಿನಿಂದ ವಿಡಿಯೊ ಇರುವ ಡ್ಯಾಟ್ ಫೈಲನ್ನು ಕಾಪಿ ಮಾಡಲು ಹೋದರೆ ವಿಂಡೋಸ್ "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಎಂದು ಹೇಳಿ ನಿಲ್ಲಿಸಿಬಿಡುತ್ತದೆ. ಡಿಸ್ಕ್ ಪೂರ್ತಿ ಹಾಳಾಗಿದೆ ಎಂದಲ್ಲ. ಎಲ್ಲೋ ಕೆಲವು ತುಂಡು ಓದಲಾಗಲಿಲ್ಲ, ಅದಕ್ಕೆ ಇಡೀ ಫೈಲನ್ನೇ ಕೈಬಿಟ್ಟಿತು, ಅಷ್ಟೇ. ಸಿಗದ ತುಂಡನ್ನು ದಾಟಿ ಮುಂದೆ ಹೋಗುವ ಐಸೋಬಸ್ಟರ್ ಎಂಬ ಪ್ರೋಗ್ರಾಮ್ ಬಳಸಿದರೆ ಬಹುಪಾಲು ವಿಡಿಯೊ ಸಿಗುತ್ತದೆ.

ಬರೆದ ಡಿಸ್ಕಿಗೆ ಗೀರಿಲ್ಲದೆಯೂ ಸಾವು ಬರುತ್ತದೆ. ಅದರ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಬಿಸಿಲಿಗೆ ಆ ಬಣ್ಣ ಮಾಸುತ್ತದೆ. ಕಿಟಕಿ ಪಕ್ಕದ ಶೋಕೇಸಿನಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟವು ಬೇಗ ಹೋಗುತ್ತವೆ.

ಓದಿದರೂ ತೆರೆಯದ ಡಿಸ್ಕುಗಳು

ಇನ್ನೊಂದು ದೊಡ್ಡ ಗುಂಪಿದೆ. ಡ್ರೈವೂ ಸರಿ, ಡಿಸ್ಕೂ ಸರಿ, ಆದರೂ ಏನೂ ಕಾಣುವುದಿಲ್ಲ.

ಬರೆದು ಮುಗಿಸಿದ ಮೇಲೆ ಡಿಸ್ಕನ್ನು ಮುಚ್ಚಬೇಕು, ಅದನ್ನು ಫೈನಲೈಸ್ ಮಾಡುವುದು ಎನ್ನುತ್ತಾರೆ. ಅದು ಆಗದಿದ್ದರೆ ಬರೆದ ಯಂತ್ರ ಮಾತ್ರ ಓದುತ್ತದೆ, ಬೇರೆಯವಕ್ಕೆ ಖಾಲಿ ಡಿಸ್ಕ್ ಎಂದು ಕಾಣಬಹುದು. ವಿಂಡೋಸ್ 7ರಲ್ಲಿ ಡಿಸ್ಕ್ ಬರೆಯುವಾಗ ಪೆನ್‌ಡ್ರೈವಿನಂತೆ ಬಳಸುವ ಆಯ್ಕೆ ತೆಗೆದುಕೊಂಡಿದ್ದರೆ ಇದೇ ಗೊಂದಲ. ಬರೆದ ಕಂಪ್ಯೂಟರ್ ಇನ್ನೂ ಇದ್ದರೆ ಅದರಲ್ಲಿ ಹಾಕಿ, ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಷನ್ (ಒಂದು ಸಲಕ್ಕೆ ಬರೆದ ಭಾಗ) ಮುಚ್ಚುವ ಆಯ್ಕೆ ಒತ್ತಿದರೆ ಆಯಿತು. ಒಂದೇ ಡಿಸ್ಕಿಗೆ ಎರಡು ಮೂರು ಸಲ ಬರೆದಿದ್ದು, ಈಗ ಕೊನೆಯ ಸಲದ್ದು ಮಾತ್ರ ಕಂಡರೆ ಹಳೆಯದು ಅಳಿಸಿಲ್ಲ, ಅಡಗಿದೆ. ಐಸೋಬಸ್ಟರಿನಲ್ಲಿ ಎಲ್ಲ ಸೆಷನ್ನೂ ಕಾಣುತ್ತವೆ.

ಅಮೆರಿಕದಲ್ಲಿರುವ ನೆಂಟರು ತಂದ ಸಿನಿಮಾ ಡಿವಿಡಿ ಓಡದಿದ್ದರೆ ಅದು ರೀಜನ್ ಕೋಡಿನ, ಅಂದರೆ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕು ಎಂದು ಹಾಕಿದ ಗುರುತಿನ ತಕರಾರು. ಭಾರತ 5ನೇ ರೀಜನ್, ಅಮೆರಿಕ 1. ಡ್ರೈವಿನ ರೀಜನ್ ಬದಲಿಸಬಹುದು, ಆದರೆ ಐದು ಸಲ ಮಾತ್ರ. ಐದನೆಯ ಸಲ ಯಾವುದು ಇತ್ತೋ ಅದೇ ಖಾಯಂ. ಹುಡುಗರ ಕೈಗೆ ಕೊಟ್ಟು ಸುಮ್ನೆ ಬದಲಿಸುತ್ತಾ ಕೂರುವ ವಿಷಯ ಅಲ್ಲ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯವನ್ನೇ ಮೈಕ್ರೋಸಾಫ್ಟ್ ಮಾಮೂಲಿ ವಿಂಡೋಸಿನಿಂದ ತೆಗೆದಿದೆ. ಅದಕ್ಕೆ ವಿಎಲ್‌ಸಿ ಎಂಬ ಪ್ಲೇಯರ್ ಪ್ರೋಗ್ರಾಮ್ ಹಾಕಿಕೊಂಡರೆ ಸಾಕು, ದುಡ್ಡು ಕೊಡಬೇಕಿಲ್ಲ. ಹಳೆಯ ಗೇಮ್ ಸಿಡಿಗಳ ಕಥೆಯೂ ಹೀಗೇ. ಸೇಫ್‌ಡಿಸ್ಕ್ ಎಂಬ ನಕಲು ತಡೆ ಇರುವ ಗೇಮುಗಳು ವಿಂಡೋಸ್ 10ರಲ್ಲಿ ಓಡುವುದಿಲ್ಲ, ಡಿಸ್ಕ್ ಹೊಸದರಂತೆ ಹೊಳೆಯುತ್ತಿದ್ದರೂ ಅಷ್ಟೇ.

ಸ್ಕ್ಯಾನಿನ ಸಿಡಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಚಳ್ಳಕೆರೆಯಿಂದಲೋ ಜಗಳೂರಿನಿಂದಲೋ ಕಾಯಿಲೆಯವರನ್ನು ಕರೆದುಕೊಂಡು ಬಂದವರು, ಆ ಸಿಡಿ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಬಾರದು. ಅದರೊಳಗಿನ ಚಿತ್ರಗಳು ಡೈಕಾಮ್ ಎಂಬ ಮಾದರಿಯಲ್ಲಿ ಇರುತ್ತವೆ. ಎಷ್ಟೋ ಫೈಲುಗಳ ಹೆಸರಿಗೆ ಡಾಟ್ ಜೆಪಿಜಿಯಂಥ ಬಾಲವೇ ಇರುವುದಿಲ್ಲ, ಹಾಗಾಗಿ ಕ್ಲಿಕ್ ಮಾಡಿದರೆ ಕಂಪ್ಯೂಟರಿಗೆ ಏನೆಂದು ಗೊತ್ತಾಗುವುದಿಲ್ಲ. ಸಿಡಿಯ ಜೊತೆ ಕೊಡುವ ನೋಡುವ ಪ್ರೋಗ್ರಾಮನ್ನು ಕೆಲವೊಮ್ಮೆ ಆಂಟಿವೈರಸ್ ತಡೆಯುತ್ತದೆ. ಒಳಗೆ ಡೈಕಾಮ್‌ಡಿಐಆರ್ ಎಂಬ ಫೈಲ್ ಕಂಡರೆ ಡಿಸ್ಕ್ ಓದುತ್ತಿದೆ ಎಂದರ್ಥ. ಮೈಕ್ರೋಡೈಕಾಮ್‌ನಂಥ ಪ್ರೋಗ್ರಾಮಿನಲ್ಲಿ ಅದನ್ನು ತೆರೆಯಿರಿ. ಸಿಡಿ ಕೈಗೆ ಬಂದ ದಿನವೇ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೂ ಹಾಕಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ತಪ್ಪು ವಿಂಡೋಸಿನದೋ ಯಂತ್ರದ್ದೋ ಎಂದು ತಿಳಿಯದಿದ್ದರೆ, ಉಬುಂಟುವನ್ನು (ವಿಂಡೋಸಿನ ಬದಲು ಬಳಸುವ ಲಿನಕ್ಸ್) ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ನೋಡಿ. ಅಲ್ಲಿ ಡಿಸ್ಕ್ ತೆರೆದರೆ ಡ್ರೈವಿಗೆ ದುಡ್ಡು ಹಾಕುವ ಮಾತೇ ಇಲ್ಲ. ವಿಂಡೋಸಿಗೆ ವಾಪಸ್ ಬಂದು, ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡ್ರೈವ್ ತಾನಾಗಿ ಮತ್ತೆ ಸೇರಿಕೊಳ್ಳುತ್ತದೆ.

ಕಷ್ಟಪಟ್ಟು ಓದುವ ಡಿಸ್ಕಿನಿಂದ ತೆಗೆಯುವುದು

ಒಂದು ಡಿಸ್ಕ್ ಓದುವಾಗ ಡ್ರೈವ್ ಮೊರೆಯುತ್ತಾ, ನಿಲ್ಲುತ್ತಾ, ಮತ್ತೆ ಶುರುಮಾಡುತ್ತಾ ಇದ್ದರೆ ಅದನ್ನು ಅಲ್ಲೇ ಹಾಕಿಕೊಂಡು ಸಿನಿಮಾದಂತೆ ನೋಡುತ್ತಾ ಕೂರಬೇಡಿ. ಮೊದಲು ಕಾಪಿ. ನಿಧಾನವಾಗಿ ತಿರುಗಿಸಿದಷ್ಟೂ ಒಳ್ಳೆಯದು. 52ಎಕ್ಸ್, ಅಂದರೆ ಮಾಮೂಲಿಯ 52 ಪಟ್ಟು ವೇಗದಲ್ಲಿ ಸಿಡಿ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನಷ್ಟು ತಿರುಗುತ್ತದೆ. ಆ ವೇಗದಲ್ಲಿ, ಸ್ಟುಡಿಯೊದವರು ಒಂದು ಕಡೆ ವಾಲಿಸಿ ಅಂಟಿಸಿದ ವಧೂವರರ ಫೋಟೊ ಕೂಡ ಡಿಸ್ಕನ್ನು ನಡುಗಿಸುತ್ತದೆ. ನೀರೊದ ಡ್ರೈವ್‌ಸ್ಪೀಡ್‌ನಂಥ ಪ್ರೋಗ್ರಾಮಿನಲ್ಲಿ ವೇಗವನ್ನು 4 ಅಥವಾ 8ಎಕ್ಸಿಗೆ ಇಳಿಸಿ, ರಾತ್ರಿಯೆಲ್ಲ ಬಿಟ್ಟರೂ ಪರವಾಗಿಲ್ಲ. ಮಾಹಿತಿ ಸಿಡಿಗೆ, ಡಿವಿಡಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಬಳಸಿದರೆ ಯಾವ ತುಂಡು ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಅದೇ ಡಿಸ್ಕನ್ನು ಆಮೇಲೆ ಪಕ್ಕದ ಮನೆಯ ಡ್ರೈವಿಗೆ ಹಾಕಿ, ಸಿಗದ ತುಂಡುಗಳನ್ನಷ್ಟೇ ಮತ್ತೆ ಕೇಳಬಹುದು. ಎರಡು ಡ್ರೈವ್ ಸೇರಿ ಒಂದು ಪೂರ್ತಿ ಡಿಸ್ಕನ್ನು ಉಳಿಸಿಕೊಡುವುದುಂಟು. ಟೂತ್‌ಪೇಸ್ಟ್ ಹಚ್ಚಿ ಗೀರು ಉಜ್ಜುವುದು ಇವೆಲ್ಲ ಸೋತ ಮೇಲಿನ ಕೊನೆಯ ಉಪಾಯ, ಕೆಳಬದಿಗೆ ಮಾತ್ರ, ಬ್ಲೂ-ರೇಗೆ ಎಂದಿಗೂ ಬೇಡ. ಬ್ಲೂ-ರೇಯ ಮಾಹಿತಿ ಆ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ.

ಕಾಪಿ ಆಯಿತು ಎಂದು ಕಂಪ್ಯೂಟರ್ ಹೇಳಿದ ಕೂಡಲೇ ಡಿಸ್ಕನ್ನು ಎಸೆಯಬೇಡಿ. ವಿಡಿಯೊ ತೆರೆದು ಕೊನೆಯ ಐದು ನಿಮಿಷಕ್ಕೆ ಹೋಗಿ ನೋಡಿ. ಬರವಣಿಗೆ ನಡುವಿನಿಂದ ಹೊರಕ್ಕೆ ಹೋಗುವುದರಿಂದ, ತುಂಬಿದ ಡಿಸ್ಕಿನಲ್ಲಿ ವಿಡಿಯೊದ ಕೊನೆ ಇರುವುದು ಹೊರ ಅಂಚಿನಲ್ಲಿ. ಬೆರಳು ತಾಗುವುದು, ಅಂಟು ಬಿಡುವುದು, ಬರೆಯುವಾಗ ಗುಣಮಟ್ಟ ಇಳಿಯುವುದು ಎಲ್ಲ ಅಲ್ಲೇ ಜಾಸ್ತಿ. ಮುಹೂರ್ತ ಚೆನ್ನಾಗಿ ಬಂದು ಹೆಣ್ಣೊಪ್ಪಿಸುವ ಹೊತ್ತಿಗೆ ಚಿತ್ರ ನಿಂತರೆ, ಡಿಸ್ಕನ್ನು ಒರೆಸಿ, ಇನ್ನೊಂದು ಡ್ರೈವಿನಲ್ಲಿ ಆ ಭಾಗವನ್ನು ಮತ್ತೊಮ್ಮೆ ಓದಿಸಿ.